ಎರಡು ಗಡಿಗೆ, ಒಂದು ಕೂಸು

ಮಳೆ ಹಿಡಿದಾಗ ಭುವನಾ ಇನ್ನೂ ಬೂದಿದಿಬ್ಬದ ಮೇಲೆ ನಿಂತು ಪಾಠ ಹೇಳುತ್ತಿದ್ದಳು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಅವಳು ಇತಿಹಾಸದ ಉಪನ್ಯಾಸಕಿ. ವರ್ಷಕ್ಕೊಮ್ಮೆ ಹುಡುಗ ಹುಡುಗಿಯರನ್ನು ಟೆಂಪೋದಲ್ಲಿ ತುಂಬಿಕೊಂಡು ತುಂಗಭದ್ರೆಯ ದಂಡೆಯ ಈ ಹಾಳುದಿಬ್ಬಕ್ಕೆ ಕರೆತರುತ್ತಾಳೆ. ಹನಿ ದಪ್ಪಗಾಗುತ್ತಲೇ ಎಲ್ಲರೂ ಓಡಿ ದಿಬ್ಬದ ಬುಡದ ಮಣ್ಣಿನ ಮನೆ ಸೇರಿದರು. ಅದು ಬೀರವ್ವನ ಮನೆ. ಎಂಬತ್ತು ದಾಟಿದ ಮುದುಕಿ ಕುರಿಮರಿಗಳನ್ನು ಮೂಲೆಗೆ ಸರಿಸಿ, ಗೋಣಿಚೀಲ ಹಾಸಿ, "ಕುಂದರ್ರಿ, ಹೊಳಿ ಕಡೆ ಮಳಿ ಲಗೂ ಬಿಡೂದಿಲ್ಲ" ಎಂದು ಒಲೆಗೆ ಎರಡು ಕಟ್ಟಿಗೆ ಹೆಚ್ಚಿಗೆ ಹಾಕಿದಳು. ಹೊತ್ತು ಮುಳುಗುತ್ತಿತ್ತು.

ಭುವನಾ ಹೊಸ್ತಿಲ ಒಳಗೆ ಕೂತು, ತೊಡೆಯ ಮೇಲೆ ಪುಸ್ತಕ ತೆರೆದು, ಬಿಟ್ಟ ಪಾಠ ಮತ್ತೆ ಹಿಡಿದಳು. ಮೂರು ಸಾವಿರ ವರ್ಷದ ಹಿಂದೆ ಈ ಕಣಿವೆಯಲ್ಲಿ ಬಾಳಿದ ಜನ ಯಾಕೆ ಇಲ್ಲವಾದರು? ಹೊಳೆ ಉಕ್ಕಿ ಕೊಚ್ಚಿಹೋದರು ಎನ್ನುವವರಿದ್ದಾರೆ. ಮಳೆ ಕೈಕೊಟ್ಟಿತು, ಹೊಳೆಯೇ ದಿಕ್ಕು ಬದಲಿಸಿತು, ಬೇನೆ ಬಂತು, ಹೊರಗಿನವರು ನುಗ್ಗಿದರು ಎನ್ನುವವರೂ ಇದ್ದಾರೆ. ಒಂದು ಮಾತಿಗೆ ಮಾತ್ರ ಎಲ್ಲರೂ ಹೂಂ ಎನ್ನುತ್ತಾರೆ, ಆ ಜನ ಗುರುತಿಲ್ಲದಂತೆ ಅಳಿದರು. ಹಿಂದೆ ಇದೇ ದಿಬ್ಬದಲ್ಲಿ ಸಿಕ್ಕ ಅವರದೊಂದು ಜೋಡಿ ಗಡಿಗೆ, ಒಳಗೆ ಕೂಸಿನ ಎಲುಬು, ನಮ್ಮ ಕಾಲೇಜಿನ ಗಾಜಿನ ಕಪಾಟಿನಲ್ಲೇ ಇದೆ, ಬೀಗದ ಕೈ ನನ್ನ ಹತ್ತಿರವೇ ಇದೆ, ನಾಳೆ ತೋರಿಸುತ್ತೇನೆ ಎಂದಳು.

ಒಲೆ ಊದುತ್ತಿದ್ದ ಬೀರವ್ವ ತಟ್ಟನೆ ಬಾಗಿಲ ಕಡೆ ನೋಡಿದಳು. ಆಮೇಲೆ ಭುವನಾಳ ಕಡೆ. ಊದುಕೊಳವೆಯನ್ನು ಸಿಟ್ಟಿನಿಂದ ಪಕ್ಕಕ್ಕೆಸೆದಳು.

"ಅಕ್ಕಾರ, ಕೊಚ್ಚಿ ಹೋದ್ರು, ಸತ್ತು ಹೋದ್ರು ಅಂತೀರಲ್ಲ, ಯಾರು ನೋಡ್ಯಾರ್ರಿ? ನಾಕು ಬುಟ್ಟಿ ಮಣ್ಣ ತಗದು, ಇದ್ದವರನ್ನ ಇಲ್ಲ ಅಂತ ಬರದ್ರ ಮುಗೀತೇನು? ಆ ಬುಕ್ಕು ಮುಚ್ರಿ. ನಾ ಹೇಳತೇನಿ, ಕೇಳ್ರಿ...

"ನಲವತ್ತು ವರ್ಷದ ಮ್ಯಾಲಾತು. ದಿಬ್ಬಾ ಅಗಿಸಾಕ ಸಾಹೇಬ್ರು ಬಂದಿದ್ರು, ಬುಟ್ಟಿ ಹೊರಾಕ ನಾವು ಹನ್ನೆರಡು ಮಂದಿ ಹೆಣ್ಣಾಳು. ಸಂಜಿ ಆತಂದ್ರ ಅವರವರಾಗ ವಾದಾ... ಒಬ್ರು ಹೊಳಿ ಅಂದ್ರ ಇನ್ನೊಬ್ರು ಬರಾ ಅನ್ನವರು, ಆ ಮಣ್ಣ ದಿನಾ ನಮ್ಮ ತಲಿ ಮ್ಯಾಲ ಇರತಿತ್ತು, ನಿಮಗೇನರ ಗೊತ್ತೈತೇನವಾ ಅಂತ ಒಬ್ಬರರ ಕೇಳಿದ್ರೇನು? ಇಲ್ಲ. ಒಂದಿನಾ ಹಳೇ ಮನಿ ನೆಲಾ ಹತ್ತಿತು. ಹೊಸ್ತಿಲದ ಒಳಮಗ್ಗಲ ಎರಡು ಗಡಿಗಿ, ಅಡ್ಡ ಮಲಗಿಸಿ, ಬಾಯಿಗೆ ಬಾಯಿ ಹಚ್ಚಿದ್ದುವು. ಸಾಹೇಬ್ರು ಕಾಳಿನ ಗಡಿಗಿ ಇರಬೇಕು ಅಂತ ಮುಂದ ಹೋದ್ರು. ನನ್ನ ಎದಿ ಧಸಕ್ಕಂತು."

ಯಾಕೆಂದರೆ, ಎಂದು ಬೀರವ್ವ ದನಿ ಇಳಿಸಿ ಹೇಳಿದಳು, ಅವಳ ಚೊಚ್ಚಲ ಕೂಸು ಇಪ್ಪತ್ತೆರಡು ದಿನಕ್ಕೆ ಹೋಗಿತ್ತು. ಹಲ್ಲು ಬರದ ಕೂಸನ್ನು ದೂರ ಒಯ್ಯಬಾರದು, ಎರಡು ಗಡಿಗೆಯೊಳಗೆ ಮಲಗಿಸಿ ಹೊಸ್ತಿಲ ಒಳಗೇ ಇಡಬೇಕು, ಆಗ ಅದು ಇದೇ ಮನೆ ಹುಡುಕಿಕೊಂಡು ಮತ್ತೆ ಬರುತ್ತದೆ ಎಂದು ಅವಳ ಅವ್ವ ಕೈ ಹಿಡಿದು ಮಾಡಿಸಿದ್ದಳು. ಅವ್ವನಿಗೆ ಅವಳ ಅವ್ವ. ಈ ಹೊಸ್ತಿಲ ಒಳಗಿನ ಆ ನೆಲವನ್ನು ಬೀರವ್ವ ಇವತ್ತಿಗೂ ವಾರಕ್ಕೊಮ್ಮೆ ಸಗಣಿ ಸಾರಿಸುತ್ತಾಳೆ. ಭುವನಾ ಮೆಲ್ಲಗೆ ಕಾಲು ಮಡಚಿಕೊಂಡು ಹೊಸ್ತಿಲಿನಿಂದ ಹಿಂದೆ ಸರಿದಳು.

"ಇದನ್ನ ನಮಗ ಯಾರು ಕಲಿಸ್ಯಾರ್ರಿ? ಅಳಿದು ಹೋದವರು ಬಂದು ಕಲಿಸಿದ್ರೇನು?" ಎಂದು ಮುದುಕಿ ಕೇಳಿದಳು.

"ತಪ್ಪು ನಂದ. ಸುಮ್ಮನಿದ್ದಿದ್ರ ಬಿಟ್ಟು ಹೋಗತಿದ್ರೋ ಏನೋ. ಸಾಹೇಬ್ರ, ಅದರಾಗ ಕೂಸೈತಿ, ಮುಟ್ಟಬ್ಯಾಡ್ರಿ ಅಂದುಬಿಟ್ಟೆ... ಅಂದದ್ದ ತಡ, ಎಲ್ಲಾರೂ ಬಂದು ಮುಕರಿದ್ರು. ಫೋಟೋ ಹೊಡದ್ರು, ಹತ್ತಿ ಅರಳಿಯೊಳಗ ಸುತ್ತಿದ್ರು, ಪೆಟಿಗಿಯೊಳಗಿಟ್ಟು ಜೀಪಿನ್ಯಾಗ ಒಯ್ದ್ರು. ಆ ಪೆಟಿಗಿ ಜೀಪಿಗೆ ಎತ್ತಿ ಕೊಟ್ಟಾಕಿನೂ ನಾನ.

"ಮರುದಿನಾ ಸಂಜೀಮುಂದ, ಹಿಂತಾದ ಮಳ್ಯಾಗ, ಅಕಿ ಬಂದ್ಲು. ಆ ಹೊಸ್ತಿಲದಾಗ ನಿಂತ್ಲು. ಹೊರಗ ಅಷ್ಟು ಸುರ್ಯಾಕತ್ತಿದ್ರೂ ಅಕಿ ತಲಿ ಒಣಗಿತ್ತು, ಎದಿ ಅಷ್ಟ ತೊಯ್ದಿತ್ತು... ಹಾಲಿಲೆ. ಹಡದಾಕಿಗೆ ಬ್ಯಾರೆ ಹೇಳಬೇಕೇನ್ರಿ? ಕೂಸು ಹೋದ ಮ್ಯಾಲ ನನ್ನ ಎದೀನೂ ಹಂಗ ತೊಯ್ಯತಿತ್ತು. ನನ್ನ ಕೂಸೆಲ್ಲಿ ಅಂದ್ಲು. ಯಾವ ಮಾತಿನ್ಯಾಗ ಅಂದ್ಲೋ, ನನಗ ತಿಳೀತು."

ಮರುವಾರವೇ ಬೀರವ್ವ ಕೂಸನ್ನು ಕೇಳಿಕೊಂಡು ಹಾವೇರಿಯ ಕಚೇರಿಗೆ ಹೋಗಿದ್ದಳಂತೆ. ಒಬ್ಬ ಅರ್ಜಿ ಬರೆಸಿಕೊಂಡು ಬಾ ಎಂದ. ಇನ್ನೊಬ್ಬ ಪೆಟ್ಟಿಗೆಯ ನಂಬರು ಕೇಳಿದ. ಬ್ಯಾಡಗಿಯಲ್ಲಿ ಮನೆ ಮಾಡಿದ್ದ ಸಾಹೇಬರ ಬಾಗಿಲಿಗೂ ಹೋದಳು, ಅವರು ವರ್ಗವಾಗಿ ಹೋಗಿದ್ದರು. ನಾಲ್ಕನೆಯ ಸಲ ಕಚೇರಿಯವರು ಆ ಕೂಸು ನಿನಗೇನಾಗಬೇಕು ಎಂದು ಕೇಳಿದರು. ನಮ್ಮದೇ ಅಂದಳು. ಇಡೀ ಕೋಣೆ ನಕ್ಕಿತು. ಆ ನಗು ನೆನೆದು ಮುದುಕಿ ಈಗಲೂ ಕೈಯಲ್ಲಿದ್ದ ಕಟ್ಟಿಗೆಯನ್ನು ನೆಲಕ್ಕೆ ಕುಕ್ಕಿದಳು.

"ಅವತ್ತಿನಿಂದ ಮಳಿ ಹಿಡದ ಸಂಜಿಗೆಲ್ಲಾ ಅಕಿ ಬರತಾಳ. ಕೇಳತಾಳ. ಗೊತ್ತಿಲ್ಲವ್ವಾ ಅಂತೇನಿ. ಸುಳ್ಳಲ್ಲ, ನನಗ ಖರೇನ ಗೊತ್ತಿದ್ದಿಲ್ಲ... ಇವತ್ತಿನ ಮಟಾ."

ತಗಡಿನ ಮೇಲೆ ಮಳೆ ಬಡಿಯುತ್ತಲೇ ಇತ್ತು. ಬೀರವ್ವ ಭುವನಾಳನ್ನೇ ನೋಡಿದಳು. "ಗಾಜಿನ ಕಪಾಟಿನ್ಯಾಗ ಐತಿ ಅಂತ ನೀವು ಹೇಳಿದ್ರಲ್ಲ ಅಕ್ಕಾರ, ಅದನ್ನ ನಾ ಒಬ್ಬಾಕೀನ ಕೇಳಿಲ್ಲ."

ಭುವನಾ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಇರಚಲು ತಾಕದ ಒಣ ನೆಲದ ಮೇಲೆ, ಹೊಸ್ತಿಲ ಒಳಗೆ, ನಾಲ್ಕೈದು ಬೆಳ್ಳನೆಯ ಹನಿ ಬಿದ್ದಿದ್ದವು. ಮೂಲೆಯಿಂದ ಎದ್ದು ಬಂದ ಕುರಿಮರಿಯೊಂದು ಅವನ್ನು ನೆಕ್ಕುತ್ತಿತ್ತು. ಆರು ವರ್ಷದಿಂದ ಅಳಿದುಹೋದರು ಎಂದು ಪಾಠ ಹೇಳುತ್ತ ಬಂದಿದ್ದ ಅವಳು ತೊಡೆಯ ಮೇಲಿನ ಪುಸ್ತಕ ಮುಚ್ಚಿದಳು. ಅವಳ ಕೈ ತಾನಾಗಿ ಚೀಲದೊಳಗಿನ ಬೀಗದ ಕೈಯನ್ನು ಹಿಡಿದುಕೊಂಡಿತು.

"ಅಕಿ ಆಗಲೇ ರಾಣೆಬೆನ್ನೂರು ಹಾದಿ ಹಿಡದಾಳ," ಎಂದಳು ಬೀರವ್ವ, ಒಲೆಯ ಕಡೆ ತಿರುಗುತ್ತ. "ಅಕಿಕಿಂತ ಮೊದಲ ಹೋಗಿ ತಗೀರಿ, ಕೂಸಿನ್ನ ತಂದು ಅದರ ನೆಲಕ್ಕ ಹಾಕ್ರಿ. ತನ್ನ ಕೂಸಿಗೆ ಬೀಗಾ ಹಾಕಿದ್ದು ಕಂಡ್ರ... ಯಾವ ಹಡದಾಕಿ ಸುಮ್ಮನಿರತಾಳ್ರಿ, ಅಕ್ಕಾರ?"