ರಜೆ ಹಾಕದ ಮನುಷ್ಯ

ಅಯ್ಯೋ, ಆ ಸ್ಪ್ಯಾನರ್ ಕೆಳಗಿಡ್ರೀ! ರಜೆ ಶುರುವಾಗಿ ಮೂರನೇ ದಿನ ಇದು. ಮೊನ್ನೆ ಬಚ್ಚಲಿನ ನಲ್ಲಿ ಬಿಚ್ಚಿದ್ರಿ. ಅದು ಸೋರ್ತಾ ಇರಲಿಲ್ಲ. ನೀವು ಬಿಚ್ಚಿ ಜೋಡಿಸಿದ ಮೇಲೆ ಸೋರ್ತಾ ಇದೆ... ಏನು ನಗು? ನಿನ್ನೆ ದಿಯಾಳ ಸೈಕಲ್. ಇವತ್ತು ಈ ಕುರ್ಚಿ. ಅದರ ಮೇಲೆ ನಾನು ಕೂತಿದ್ದೀನಿ, ಅದಾದ್ರೂ ಕಾಣ್ತಾ ಇದೆಯಾ?

ಹೂಂ, ಇಡಿ. ಅಲ್ಲೇ. ಈಗ ಸುಮ್ಮನೆ ಕೂತ್ಕೊಳ್ಳಿ... ಹಾಗಲ್ಲ. ಬಸ್ಸಿಗೆ ಕಾಯೋರ ಥರ ತುದೀಲಿ ಕೂತ್ರೆ ಅದು ರಜೆ ಅಲ್ಲ. ಬೆನ್ನು ಹಿಂದಕ್ಕೆ. ಕಾಲು ಚಾಚಿ. ಇನ್ನೂ ಸ್ವಲ್ಪ. ನಾಲ್ಕು ವರ್ಷ ಈ ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ವೆಲ್ಡಿಂಗ್ ಮಾಡಿದ ಲಿಂಗರಾಜ ಅವರಿಗೆ ಕೂತ್ಕೊಳ್ಳೋದು ಹೇಗೆ ಅಂತ ಹೆಂಡತಿ ಹೇಳಿಕೊಡಬೇಕು!

ಕಾಫಿ ತರ್ತೀನಿ... ಏಳಬೇಡಿ ಅಂದ್ನಲ್ಲ. ನಾನೇ ತರ್ತೀನಿ.

ಬೆಳಗ್ಗೆ ಐದೂವರೆಗೆ ಎದ್ದು ಏನು ಮಾಡಿದ್ರಿ, ಹೇಳಲಾ? ನೋಡಿದೆ ನಾನು. ನಿದ್ದೆ ಬಂದೋರ ಥರ ಮಲಗಿ ನೋಡಿದೆ. ಡಬ್ಬಿಗೆ ಚಿತ್ರಾನ್ನ ತುಂಬಿದ್ರಿ, ಮುಚ್ಚಳ ಹಾಕಿದ್ರಿ, ಜಾಕೆಟ್ ಹಾಕ್ಕೊಂಡ್ರಿ. ಆಮೇಲೆ ನೆನಪಾಯ್ತು. ಜಾಕೆಟ್ಟಿನಲ್ಲೇ ನಿಂತು ಡಬ್ಬಿ ಖಾಲಿ ಮಾಡಿದ್ರಿ! ನಿಜ ತಾನೆ? ಕೆಂಪಗಾಗ್ಬೇಡಿ.

ಪಾಪ ಲಾರ್ಸ್. "ನಾಲ್ಕು ವಾರ ಗೇಟಿನ ಹತ್ತಿರ ಕಾಣಿಸ್ಕೊಂಡ್ರೆ ನೋಡು" ಅಂದನಂತಲ್ಲ. ಕೆಲಸಕ್ಕೆ ಬಾ ಅಂತ ಬೆನ್ನು ಹತ್ತೋ ಯಜಮಾನರನ್ನ ನೋಡಿದ್ದೀನಿ. ಬರಬೇಡ ಅಂತ ಗದರಿಸೋನು ಇವನೊಬ್ಬನೇ. ಅವನಿಗೂ ಹೆದರಿಕೆ. ವಲಸೆ ಆಫೀಸಿನ ಕಾಗದದ ವಿಷಯ ಹೇಳಿದಾಗ ಅವನ ಮುಖ ಸುಣ್ಣ ಹೊಡೆದ ಗೋಡೆ ಆಗಿತ್ತು ಅಂದ್ರಿ ನೀವೇ.

ನನಗೆ ಇನ್ನೂ ನಂಬಿಕೆ ಬರ್ತಿಲ್ಲ, ರೀ. ಖಾಯಂ ಆಗಿ ಇರೋಕೆ ಬಿಡಿ ಅಂತ ಅರ್ಜಿ ಹಾಕಿದ್ವಿ. ನಾಲ್ಕು ವರ್ಷ ತುಂಬಿದೆ, ಸಂಬಳ ಸರಿ, ತೆರಿಗೆ ಸರಿ, ವಿಮೆ ಸರಿ. ಅವರು ಕೇಳ್ತಿರೋದೇನು? ಈ ಮನುಷ್ಯ ರಜೆ ಯಾಕೆ ತಗೊಂಡಿಲ್ಲ! ವರ್ಷಕ್ಕೆ ಇಪ್ಪತ್ತು ದಿನವಾದ್ರೂ ತಗೊಳ್ಳಲೇಬೇಕಿತ್ತಂತೆ. ಇಲ್ಲದಿದ್ರೆ ಕೆಲಸದ ಷರತ್ತು ಮುರಿದ ಹಾಗಂತೆ. ಉತ್ತರ ಕೊಡಿ, ಒಪ್ಪಿಗೆ ಆಗದಿದ್ರೆ ದೇಶ ಬಿಡಿ. ಮೈಗಳ್ಳರನ್ನ ಓಡಿಸೋದು ಎಲ್ಲಾ ಕಡೆ ಇದೆ. ಮೈ ಬಗ್ಗಿಸಿದವನನ್ನ ಓಡಿಸೋಕೆ ಇಷ್ಟು ದೂರ ಬರಬೇಕಾಯ್ತು!

ನಗ್ರೀ, ನಗಲಿ ಅಂತಲೇ ಹೇಳಿದ್ದು.

ಅಲ್ಲ, ತಪ್ಪು ನಿಮ್ಮದೂ ಇದೆ. ಜುಲೈನಲ್ಲಿ ಊರಿಗೆ ಊರೇ ಸರೋವರದ ದಂಡೆಗೆ ಹೋಗುತ್ತೆ, ಕಾರ್ಖಾನೆಗೆ ಬೀಗ. ಇವರು ಲಾರ್ಸ್ ಹತ್ತಿರ ಬೀಗದ ಕೈ ಇಸ್ಕೊಂಡು ಹೋಗಿ, ಒಬ್ಬರೇ, ಮಣ್ಣು ಅಗೆಯೋ ಯಂತ್ರದ ಬಕೆಟ್ ಬೆಸೀತಾ ಕೂತಿರ್ತಾರೆ. "ಬಿಡುವಾಗಿದ್ದೀನಲ್ಲ, ಅದಕ್ಕೇ ಮಾಡ್ತಿದ್ದೀನಿ" ಅಂತ ಬೇರೆ! ಲಾರ್ಸ್ ಪ್ರತಿ ವರ್ಷ ರಜೆ ಬರ್ಕೋ ಬರ್ಕೋ ಅಂದ. ನೀವು ಆಮೇಲೆ ಆಮೇಲೆ ಅಂದ್ರಿ.

ದಿಯಾಗೆ ನಾನೇನೂ ಹೇಳಿಲ್ಲ. ಆಗಸ್ಟಿಗೆ ಶಾಲೆ ಶುರು ಅಂತ ಈಗಲೇ ಬ್ಯಾಗ್ ಬೆನ್ನಿಗೆ ಹಾಕ್ಕೊಂಡು ಮಲಗ್ತಾಳೆ. ನಿನ್ನೆ ಸುಮ್ಮನೆ ಕೇಳ್ದೆ, ಹರಿಹರಕ್ಕೆ ಹೋಗೋಣ್ವಾ ಪುಟ್ಟಿ, ಅಂತ. "ಎಷ್ಟು ವಾರ?" ಅಂದ್ಲು. ಅದೂ ಸ್ವೀಡಿಷ್‌ನಲ್ಲಿ. ನಾನು ಏನು ಹೇಳ್ಲಿ?

...ಕಾಫಿ ಆರ್ತಾ ಇದೆ, ಕುಡೀರಿ.

ಅದಿರಲಿ, ನಿನ್ನೆ ಎಲ್ಲಿ ಹೋಗಿದ್ರಿ ಅಷ್ಟು ಹೊತ್ತು? ನದಿ ಹತ್ತಿರ? ಯಾರ ಜೊತೆ?... ಮಿಕಾಯೆಲ್ ಜೊತೆ? ಫಿಕಾ ಮಾಡಿದ್ರಾ ಅವನ ಜೊತೆ? ಅವನ ಕಾಫಿ ಕುಡಿದು, ಅವನ ದಾಲ್ಚಿನ್ನಿ ಬನ್ ತಿಂದು ಬಂದ್ರಾ! ನಾನು ಅವತ್ತೇ ಹೇಳಲಿಲ್ವಾ? ಯೂನಿಯನ್ನಿನವನು ಅವನೇ. ರಜೆ ಪಟ್ಟಿ ಗೋಡೆಗೆ ಅಂಟಿಸೋನೂ ಅವನೇ. ನೀವು ರಜೆ ತಗೊಂಡಿಲ್ಲ ಅಂತ ಅವನು ಬರೀದೆ ಆ ಆಫೀಸಿಗೆ ಇನ್ಯಾರು ಬರೀತಾರೆ?

ಗೊತ್ತು, ಗೊತ್ತು. ಎರಡು ಸಾವಿರದ ಹನ್ನೆರಡರಲ್ಲಿ ನಾವು ಬಂದಿಳಿದಾಗ ದಿಯಾಗೆ ಚಳಿ ಅಂಗಿ ತಂದುಕೊಟ್ಟವನು ಅವನು. ಮನೆ ಹುಡುಕಿಕೊಟ್ಟವನೂ ಅವನು. ಇಲ್ಲ ಅಂದ್ನಾ ನಾನು? ಅದಕ್ಕೂ ಇದಕ್ಕೂ...

ಏನು ಹಾಗೆ ನೋಡ್ತೀರಿ?

ಅನುಮಾನ ಅಂದೆ, ಅಷ್ಟೇ. ಅನುಮಾನ ಪಡೋದೂ ತಪ್ಪಾ?

ಸರಿ, ಬಿಡಿ. ಹೇಗೂ ಹೋಗಿದ್ರಲ್ಲ, ಕೇಳಿದ್ರಾ ಅವನನ್ನ? ಲಾರ್ಸ್ ಹೇಳಿದ್ದನಲ್ಲ, ಇವರಿಗೆ ಕಾರ್ಖಾನೆಯವರು ಪ್ರತಿ ವರ್ಷ ರಜೆ ಕೊಟ್ಟಿದ್ರು, ಇವರೇ ತಗೊಳ್ಳಲಿಲ್ಲ ಅಂತ ಯೂನಿಯನ್ ಬರೆದುಕೊಟ್ರೆ ಮಾತ್ರ ಏನಾದ್ರೂ ದಾರಿ ಇದೆ ಅಂತ. ಶುಕ್ರವಾರ ಕೊನೆ ದಿನ. ಇವತ್ತು ಬುಧವಾರ... ಕೇಳಿದ್ರಾ?

ಕೇಳಲಿಲ್ಲ?

ಎರಡು ಗಂಟೆ ಕೂತು ಏನು ಮಾಡಿದ್ರಿ, ಮೀನು ಎಣಿಸಿದ್ರಾ? ನಾನು ಕೇಳಬೇಡಿ ಅಂದೆ, ನಿಜ. ಆದ್ರೆ ನೀವು ಯಾವಾಗ ನನ್ನ ಮಾತು ಕೇಳಿದ್ದೀರಿ! ಅವನ ಮೇಲೆ ಕೋಪ ಅಂತ ಸುಮ್ಮನಿದ್ರಾ?... ಕೋಪ ಇಲ್ಲ. ಮತ್ತೆ ಲಾರ್ಸ್ ಮೇಲಾ?... ಅವನ ಮೇಲೂ ಇಲ್ಲ.

ಮತ್ತೆ ಯಾಕೆ ಕೇಳಲಿಲ್ಲ?

ಹೇಳಿ ರೀ. ಕಪ್ಪು ತಿರುಗಿಸ್ಬೇಡಿ, ಅದರ ತಳದಲ್ಲಿ ಏನೂ ಬರೆದಿಲ್ಲ. ಅವನು ಇಲ್ಲ ಅಂತಿರಲಿಲ್ಲ, ನಿಮಗೂ ಗೊತ್ತು. ಹೆಚ್ಚಂದ್ರೆ ಏನಂತಿದ್ದ? ಕಾಗದ ತೋರ್ಸು, ಓದ್ತೀನಿ, ಅಂತಿದ್ದ. ನೀವು ಕಾಗದ ಕೊಡ್ತಿದ್ರಿ. ಅವನು ಓದ್ತಿದ್ದ. ಪುಟ ಒಂದು ಆದ ಮೇಲೆ...

ಆದ ಮೇಲೆ ಎರಡನೇದು ಎಲ್ಲಿ ಅಂತಿದ್ದ.

...

ನಿಮಗೆ ಗೊತ್ತಿದೆ.

ಎಲ್ಲಾ ಗೊತ್ತಿದೆ ನಿಮಗೆ! ನಾನು ಒಂದೇ ಪುಟ ಕೊಟ್ಟೆ. ಕೆಳಗಡೆ ಎರಡರಲ್ಲಿ ಒಂದು ಅಂತ ಅಚ್ಚಾಗಿದೆ. ಡ್ರಾಯಿಂಗ್ ಕೊಟ್ರೆ ಹಿಂದೆ ಮುಂದೆ ತಿರುಗಿಸಿ ನೋಡದೆ ಕಬ್ಬಿಣ ಮುಟ್ಟದ ಮನುಷ್ಯ ನೀವು. ಇನ್ನೊಂದು ಎಲ್ಲಿ ಅಂತ ಒಂದು ಸಲವೂ ಕೇಳಲಿಲ್ಲ. ಅಕ್ಕಿ ಡಬ್ಬಿ ಹಿಂದೆ ಇಟ್ಟಿದ್ದೆ... ಭಾನುವಾರ ಅನ್ನಕ್ಕೆ ಇಟ್ಟಿದ್ದು ನೀವು. ಅವತ್ತೇ ಸಿಕ್ತಾ?

ಅವತ್ತೇ.

ಮತ್ತೆ ಮೂರು ದಿನದಿಂದ ನಾನು ಮಿಕಾಯೆಲ್, ಮಿಕಾಯೆಲ್ ಅಂತಿದ್ರೆ ಸುಮ್ಮನೆ ಕೇಳಿಸ್ಕೊಂಡ್ರಾ?

ನಾನು ಒಳ್ಳೇದಕ್ಕೆ ಬರೆದದ್ದು, ರೀ. ಅರ್ಜಿ ಜೊತೆ ಹೆಂಡತಿ ಕಡೆಯಿಂದ ಒಂದು ಪತ್ರ ಇರಲಿ ಅಂತ. ನಿಘಂಟು ಇಟ್ಕೊಂಡು ಎರಡು ಸಂಜೆ ಕೂತಿದ್ದೆ. "ನನ್ನ ಗಂಡ ನಾಲ್ಕು ವರ್ಷದಲ್ಲಿ ಒಂದು ದಿನವೂ ರಜೆ ಹಾಕಿಲ್ಲ. ಜುಲೈನಲ್ಲೂ ಇಲ್ಲ." ಅದರ ಕೆಳಗೆ ಗೆರೆ ಎಳೆದೆ. ಎರಡು ಗೆರೆ. ಹರಿಹರದ ಫ್ಯಾಕ್ಟರೀಲಿ ಆಯುಧಪೂಜೆ ದಿನ, ಪೂರ್ತಿ ಹಾಜರಿ ಅಂತ, ಎಲ್ಲರ ಮುಂದೆ ನಿಮಗೆ ಗೋಡೆ ಗಡಿಯಾರ ಕೊಟ್ಟಿರಲಿಲ್ವಾ? ಹುಡುಗನ ಮನೆ ನೋಡೋಕೆ ಬಂದಾಗ ಅತ್ತೆ ನಮಗೆ ಮೊದಲು ತೋರಿಸಿದ್ದು ಅದನ್ನೇ. ನಮ್ಮಪ್ಪ ಅದನ್ನ ನೋಡಿಯೇ ಹೂಂ ಅಂದಿದ್ದು. ಇಲ್ಲೂ ಯಾರೋ ಓದ್ತಾರೆ, ಎಂಥಾ ಮನುಷ್ಯ ಅಂತಾರೆ ಅಂದ್ಕೊಂಡೆ. ಅವರು ಆ ಸಾಲನ್ನೇ ಎತ್ತಿ ಎರಡನೇ ಪುಟದಲ್ಲಿ ಹಾಕಿದ್ದಾರೆ. "ಪತ್ನಿ ಶಕುಂತಲಾ ತಿಳಿಸಿರುವಂತೆ."

ಹೇಳೋಣ ಅಂತಲೇ ಇದ್ದೆ. ಆದ್ರೆ ನೀವು ಬೈಯಲ್ಲ ಅಂತ ಗೊತ್ತಿತ್ತು. ಬೈಯೋರಿಗೆ ಹೇಳಬಹುದು. ಬೈಯದೇ ಇರೋರಿಗೆ ಹೇಗೆ ಹೇಳೋದು?

ಮಿಕಾಯೆಲ್ ಹೆಸರು ಬಾಯಿಗೆ ಬಂತು. ಬಂದ ಮೇಲೆ ಹಿಂದಕ್ಕೆ ಹೋಗಲಿಲ್ಲ.

ನೀವೂ ಎಂಥವರು! ಹೆಂಡತಿ ಹೆಸರು ಅವನು ಓದಬಾರದು ಅಂತ ಎರಡು ಗಂಟೆ ಬನ್ ತಿಂದು ಎದ್ದು ಬಂದಿದ್ದೀರಿ. ಈ ದೇಶ ಬಿಟ್ಟು ಹೋಗೋಕೂ ತಯಾರು, ಬಾಯಿ ಬಿಡೋಕೆ ತಯಾರಿಲ್ಲ... ಈಗಲೂ ಇಲ್ಲ. ನೋಡಿ, ಈಗಲೂ ಇಲ್ಲ.

ಸರಿ. ಫೋನ್ ಕೊಡಿ ಇಲ್ಲಿ. ಬೇಡ, ನೀವಲ್ಲ. ಮಿಕಾಯೆಲ್ ಹತ್ತಿರ ನಾನೇ ಮಾತಾಡ್ತೀನಿ. ಎರಡೂ ಪುಟ ಓದಿ ಹೇಳ್ತೀನಿ. ಅದಕ್ಕೂ ಮುಂಚೆ, ಅವನ ಮೇಲೆ ಸುಮ್ಮನೆ ಅನುಮಾನ ಪಟ್ಟಿದ್ದಕ್ಕೆ ಹೇಳಬೇಕಾದ್ದೂ ಒಂದಿದೆ, ಅದನ್ನೂ ಹೇಳ್ತೀನಿ. ಆಮೇಲೆ ಅವನು ಬರೆದುಕೊಟ್ರೆ ಕೊಡಲಿ, ಬಿಟ್ರೆ ಬಿಡಲಿ.

ನಂಬರ್ ಹೇಳಿ... ಸೊನ್ನೆ, ಏಳು... ಸ್ವಲ್ಪ ಜೋರಾಗಿ ರೀ, ಕೇಳಿಸ್ತಿಲ್ಲ. ಹೂಂ, ಮುಂದೆ?