ಸ್ವರ್ಣಲತಾಳ ಹಪ್ಪಳದ ವೆಬ್‌ಸೈಟು

ನರಿಕೊಂಬಿನಲ್ಲಿ ಸೊಳ್ಳೆ ಕೆಮ್ಮಿದರೂ ಗುರುವಾಯನಕೆರೆಯಲ್ಲಿ ಕೇಳಿಸಿಕೊಳ್ಳುವ ಕಿವಿ ಮೂಸಬ್ಬರದ್ದು. 2009ರಲ್ಲೊಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಆ ಕಿವಿ ಹಪ್ಪಳದ ಸ್ವರ್ಣಲತಾ ಮತ್ತು ಅವಳ ಗೆಳತಿ ಫರ್ಹಾನಳ ಕಡೆಗೆ ತಿರುಗಿತು. ಕೇಳುತ್ತಾ ನಿಂತ ಮೂಸಬ್ಬರಿಗೆ ತಮ್ಮ ಎರಡು ಬಸ್ಸು ಹೋದದ್ದೇ ಗೊತ್ತಾಗಲಿಲ್ಲ.

“ಸ್ವಂತ ವೆಬ್‌ಸೈಟು ಮುಚ್ಚು ಮಾರಾಯ್ತಿ. ಸಾವಿರ ಜನ ಮಾರುವ ದೊಡ್ಡ ಸೈಟಿಗೆ ಹಪ್ಪಳ ಹಾಕುವ.”

“ನನ್ನದನ್ನೂ ದಿನಕ್ಕೆ ನಲವತ್ತು ಸಲ ನೋಡ್ತಾರೆ, ಫರ್ಹಾನ.”

“ಎಲ್ಲಿಂದ?”

“ಕುವೈಟಿನಿಂದ.”

“ಅಲ್ಲಿರುವುದು ನಿನ್ನ ಗಂಡ ಅಲ್ವಾ?”

“ಹೌದು. ಹಪ್ಪಳ ಹಿಡ್ಕೊಂಡ ನನ್ನ ಫೋಟೋ ಉಂಟಲ್ಲ ಅದರಲ್ಲಿ.”

“ಒಂದು ಹಪ್ಪಳವಾದ್ರೂ ಹೋಯ್ತಾ?”

“ಇಲ್ಲ. ಮನೆಯಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ.”

“ಮತ್ತೆ ಮುಚ್ಲಿಕ್ಕೆ ಏನು ಅಡ್ಡಿ?”

“ದೊಡ್ಡ ಸೈಟಿನಲ್ಲಿ ಹಪ್ಪಳದ ಫೋಟೋ ಮಾತ್ರ ಹಾಕ್ತಾರಂತೆ.”

ಮೂಡುಬಿದಿರೆಯ ಬಸ್ಸು ಬಂತು. ಫರ್ಹಾನ ಗೆಳತಿಯನ್ನು ಮೆಟ್ಟಿಲಿಗೆ ದೂಡುತ್ತಾ ಹೇಳಿದಳು:

“ಹಪ್ಪಳ ಅಲ್ಲಿ ಮಾರುವ. ನಿನ್ನ ಸೈಟಿನಲ್ಲಿ ನೀನು ಮಾತ್ರ ಇರು. ಫೋಟೋದ ಸೀರೆಯೊಂದು ಬದಲಾಯಿಸು.”