ಉಸೆಂಗೆಗೆ ಹೋಗುವ ಟಿಕೆಟ್ ಮಾತ್ರ

ಕಿಸುಮು ಪಟ್ಟಣದ ನ್ಯಾಲೆಂಡಾ ಕೇರಿಯ ಬಾವಿಯ ಹತ್ತಿರ ಬಂದಾಗ ಅವಿನೊಳ ಫೋನು ‘ಟಿಣ್’ ಎಂದಿತು.

ರಾತ್ರಿ ತಡವಾಗಿತ್ತು. ದಾರಿಯಲ್ಲಿ ನರಪಿಳ್ಳೆ ಇಲ್ಲ. ಬಾವಿಕಟ್ಟೆಯ ಮೇಲೆ ಬಿಂದಿಗೆಯೂ ಇಲ್ಲ. ಆದರೂ ಹಗ್ಗ ಕಲ್ಲಿಗೆ ಉಜ್ಜುವ ಸದ್ದು... ಸರ್ರ್... ಸರ್ರ್... ಅವಳು ಆ ಕಡೆ ತಿರುಗಲಿಲ್ಲ. ಫೋನು ನೋಡಿದಳು.

‘ಪ್ರಯಾಣಿಕ: ಒಚೊಲಾ. ಎಲ್ಲಿಗೆ: ಉಸೆಂಗೆ.’

ಅಲ್ಲೇ ನಿಂತುಬಿಟ್ಟಳು ಪಾಪ.

ನಂಬುವವರು ನಂಬಿ, ಬಿಡುವವರು ಬಿಡಿ. ಅವಿನೊ ಊರಲ್ಲಿ ನಮ್ಮ ಬೇಲಿಯಾಚೆಯ ಮನೆಯವಳು. ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದೇನೂ ಇಲ್ಲ.

ಕಿಸುಮುವಿನ ಒಂದು ಬಸ್ ಕಂಪನಿ ಟಿಕೆಟ್ ಮಾರುವ ವೆಬ್‌ಸೈಟ್ ಮಾಡಿಸುತ್ತಿತ್ತು. ಅದು ನೆಟ್ಟಗೆ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಕೆಲಸ ಇವಳದು. ಕೈಯಲ್ಲಿ ಒತ್ತಿ ಒತ್ತಿ ನೋಡಿದರೆ ಮುಗಿಯುವುದಿಲ್ಲವೆಂದು ಒಂದು ಸಾಧನ ಹೂಡಿದ್ದಳು. ಅದು ತಾನೇ ಬ್ರೌಸರ್ ತೆರೆಯುತ್ತದೆ, ಹೆಸರು ತುಂಬುತ್ತದೆ, ಊರು ಆರಿಸುತ್ತದೆ. ಮನುಷ್ಯರ ಕೈ ಬೇಡ. ಹೇಳುವುದಕ್ಕೆ ಸುಲಭ. ಆ ವಾರವೆಲ್ಲ ಬ್ರೌಸರಿಗೂ ಅದನ್ನು ನಡೆಸುವ ‘ಡ್ರೈವರ್’ ಎಂಬ ತಂತ್ರಾಂಶಕ್ಕೂ ಎಣ್ಣೆ-ಸೀಗೆಕಾಯಿ. ಇದನ್ನು ಹೊಸದು ಮಾಡಿದರೆ ಅದು ಹಳೆಯದು, ಅದನ್ನು ಸರಿಮಾಡಿದರೆ ಇದು ಮುನಿಸು. ಅಂತೂ ಆ ಸಂಜೆ ಎರಡೂ ಒಂದಾಗಿದ್ದವು. ಪರೀಕ್ಷೆಯನ್ನು ಮತ್ತೆ ಮತ್ತೆ ಓಡಲು ಬಿಟ್ಟು, ಏನಾದರೂ ತಪ್ಪಿದರೆ ಫೋನಿಗೆ ಸುದ್ದಿ ಬರುವಂತೆ ಮಾಡಿ ಅವಳು ಮನೆಗೆ ಹೊರಟಿದ್ದಳು.

ಪ್ರಯಾಣಿಕನ ಜಾಗದಲ್ಲಿ ಯಾವುದಾದರೂ ಹುಸಿ ಹೆಸರು ಹಾಕುವುದು ರೂಢಿ. ಇವಳು ಅಣ್ಣನ ಹೆಸರು ಹಾಕಿದ್ದಳು, ಒಚೊಲಾ ಎಂದು. ಊರು ಮಾತ್ರ ನೈರೋಬಿ ಎಂದೇ ಬರೆದಿದ್ದಳು. ಉಸೆಂಗೆ ಎಲ್ಲಿಂದ ಬಂತು?

ಉಸೆಂಗೆ ನಮ್ಮೂರು. ಸರೋವರದ ದಡ. ಒಚೊಲಾ ಮೀನಿಗೆ ಹೋದವನು ಅಲ್ಲಿಗೇ ಮರಳಬೇಕಿತ್ತು. ದೋಣಿ ಬಂತು, ಅವನು ಬರಲಿಲ್ಲ. ಬಲೆ ಹಾಕಿದರು, ಮುಳುಗಿ ಹುಡುಕಿದರು. ಹೆಣವೂ ಸಿಗಲಿಲ್ಲ. ಹೀಗೆ ಹೆಣ ಸಿಗದವರಿಗೆ ನಮ್ಮಲ್ಲಿ ಯಾಗೊ ಮರದ ಉದ್ದನೆಯ ಕಾಯಿ ತಂದು, ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಅವರ ಹೆಸರು ಹಿಡಿದು ಅತ್ತು, ಅಂಗಳದಲ್ಲಿ ಹೂಳುತ್ತಾರೆ. ಮಣ್ಣು ಸಿಗದ ಜೀವ ಅಲೆಯುತ್ತಲೇ ಇರುತ್ತದಲ್ಲ.

ಅವಿನೊ ಒಪ್ಪಿರಲಿಲ್ಲ. ಅಪ್ಪ ಕರೆದಾಗಲೆಲ್ಲ ಅವಳದು ಒಂದೇ ಮಾತು: “ಕಾಯಿ ಹೂತು ಅಣ್ಣ ಸತ್ತ ಅನ್ನೋಕೆ ನನ್ನ ಕೈಲಾಗಲ್ಲಪ್ಪಾ. ನಾನು ಬರಲ್ಲ.” ಒಬ್ಬಳೇ ತಂಗಿ. ಅವಳಿಲ್ಲದೆ ಹೂಳಲು ಅಪ್ಪನಿಗೂ ಮನಸ್ಸಿಲ್ಲ. ಎರಡು ಮಳೆಗಾಲ ಹೀಗೇ ಕಳೆದಿದ್ದವು. ಹೆಸರಾದರೂ ಬಸ್ಸು ಹತ್ತಿ ಓಡಾಡಿಕೊಂಡಿರಲಿ ಎಂದೇ ಅದನ್ನು ಪರೀಕ್ಷೆಗೆ ಹಾಕಿದ್ದಳು, ಹುಚ್ಚಿ.

ಸೋಮವಾರ ವೆಬ್‌ಸೈಟ್ ಜನರಿಗೆ ತೆರೆಯಬೇಕು. ಏನೋ ತಪ್ಪಾಗಿದೆ ಎಂದುಕೊಂಡು ಬಂದ ದಾರಿಗೇ ತಿರುಗಿದಳು. ಹಿಂದೆ ಬಾವಿಯ ಸದ್ದು ನಿಂತಿತು... ಅದೂ ತಿರುಗಿ ನೋಡಿದಂತೆ.

ಕಚೇರಿಯ ಕೆಳಗೆ ಕಾವಲಿನ ಬರಾಸಾ ಮೆಕ್ಕೆಜೋಳದ ಉಗಾಲಿ ಮುದ್ದೆ ಮುರಿಯುತ್ತ ಕೂತಿದ್ದ.

“ಏನವ್ವಾ, ಕಂಪ್ಯೂಟರಿಗೂ ರಾತ್ರಿ ಪಾಳಿಯಾ?”

“ಹೂಂ ಮಾವಾ. ಯಾರಾದ್ರೂ ಮೇಲೆ ಹೋದ್ರಾ?”

“ನಾನು ಕಾಣೆ. ಆದ್ರೆ ನಿಮ್ಮೋರ್ಯಾರೋ ಕೂತವ್ರೆ. ಒಂದೇ ಬೆರಳಲ್ಲಿ ಕುಟ್ತಾವ್ರೆ. ಕೇಳು...”

ಕೇಳಿದಳು. ಟಕ್... ಟಕ್... ಟಕ್ ಟಕ್... ಟಕ್.

ಆ ಸಾಧನ ಅಕ್ಷರ ತುಂಬುವಾಗ ಕೀಲಿ ಒತ್ತುವುದೇ ಇಲ್ಲ. ಸದ್ದು ಬರಬಾರದು. ಅವಿನೊಗೆ ಇದು ಗೊತ್ತು. ಸೈಬರ್ ಅಂಗಡಿಯಲ್ಲಿ ಒಂದೇ ಬೆರಳಲ್ಲಿ, ಎರಡಕ್ಷರ ಬೇಗ, ಒಂದಕ್ಷರ ತಡೆದು, ಹೀಗೆ ಕುಟ್ಟುತ್ತಿದ್ದವನು ಯಾರೆಂಬುದೂ ಗೊತ್ತು. ಆದರೂ ಹತ್ತಿದಳು.

ಮೇಲೆ ಯಾರೂ ಇರಲಿಲ್ಲ. ಪರದೆ ಬೆಳಗುತ್ತಿತ್ತು. ತಾನು ಬರೆದಿಟ್ಟದ್ದನ್ನು ತೆರೆದು ನೋಡಿದಳು. ನೈರೋಬಿ ಎಂದೇ ಇದೆ. ಒಚೊಲಾ ಎಂಬಲ್ಲಿ ಬರಾಸಾ ಎಂದು ತಿದ್ದಿ, ಕಣ್ಣೆದುರೇ ಮತ್ತೆ ಓಡಿಸಿದಳು.

ಬ್ರೌಸರ್ ತೆರೆಯಿತು. ಹೆಸರಿನ ಜಾಗದಲ್ಲಿ ‘ಬರಾಸಾ’ ಬಂತು. ನಿಂತಿತು... ಒಂದೊಂದೇ ಅಕ್ಷರ ಅಳಿಯಿತು. ಟಕ್. ಟಕ್. ಟಕ್. ಕೀಲಿಗಳು ಅಲುಗುತ್ತಿರಲಿಲ್ಲ. ಸದ್ದು ಮಾತ್ರ ಬರುತ್ತಿತ್ತು. ‘ಒಚೊಲಾ’. ನೈರೋಬಿ ಬಂತು, ಅಳಿಯಿತು. ‘ಉಸೆಂಗೆ’.

ಅದರ ಕೆಳಗೆ ಒಂದು ಸಣ್ಣ ಚೌಕ. ಹೋಗಲು ಮಾತ್ರವೋ, ಹೋಗಿ ಬರಲೋ ಎಂದು ಕೇಳುವ ಜಾಗ. ಅದನ್ನು ಮುಟ್ಟು ಎಂದು ಅವಳು ಸಾಧನಕ್ಕೆ ಹೇಳಿಯೇ ಇರಲಿಲ್ಲ. ಬಾಣದ ಗುರುತು ತಾನಾಗಿ ಅಲ್ಲಿಗೆ ಸರಿಯಿತು.

‘ಹೋಗಲು ಮಾತ್ರ.’ ಟಿಕ್.

ಅವಿನೊ ಪರದೆಯ ಹತ್ತಿರ ಬಾಗಿದಳು.

“ಅಣ್ಣಾ...” ಪಿಸುಗುಟ್ಟಿದಳು. “ಮನೆಗಾ?”

ಅಕ್ಷರ ಬೀಳುವ ಜಾಗದ ಗೆರೆ ಮಿಣುಕುತ್ತಿತ್ತು. ಕೊನೆಯ ‘ಖಚಿತಪಡಿಸಿ’ ಗುಂಡಿಯ ಮುಂದೆ ಪರೀಕ್ಷೆ ನಿಲ್ಲಬೇಕು. ಅವಳೇ ಹಾಗೆ ಬರೆದಿದ್ದಳು. ಯಾರೂ ಒತ್ತದಿದ್ದರೆ ತುಸು ಹೊತ್ತಿಗೆ ‘ಸಮಯ ಮೀರಿತು’ ಎಂದು ಎಲ್ಲ ಮುಚ್ಚಿಕೊಳ್ಳುತ್ತದೆ. ಸಂಜೆಯಿಂದ ಎಷ್ಟು ಸಲ ಇಲ್ಲಿಯವರೆಗೆ ಬಂದು ಹಾಗೇ ಹಿಂದಿರುಗಿದ್ದನೋ!

“ನಾನೇ ಬಿಡದೆ ಹಿಡ್ಕೊಂಡಿದ್ದೆ ಅಲ್ವಾ?”

ಗೆರೆ ಮಿಣುಕಿತು... ಮಿಣುಕಿತು... ಬ್ರೌಸರ್ ಇನ್ನೇನು ಮುಚ್ಚಬೇಕು.

ಅವಳು ಕೈ ಚಾಚಿ ತಾನೇ ಒತ್ತಿದಳು.

ಸದ್ದು ನಿಂತಿತು. ಅಲ್ಲೇ ನೆಲದ ಮೇಲೆ ಕೂತು ಅಪ್ಪನಿಗೆ ಕರೆ ಮಾಡಿದಳು.

“ಅಪ್ಪಾ, ಕಾಯಿ ಇಳಿಸು. ನಾನು ಬರ್ತೀನಿ.”

ಮುದುಕ “ಹುಷಾರಾಗಿ ಬಾ ಮಗಳೇ” ಎಂದ, ಅಷ್ಟೇ.

ಶನಿವಾರ ಊರೆಲ್ಲ ಸೇರಿತ್ತು. ಯಾಗೊ ಕಾಯಿಯನ್ನು ಅವಿನೊಳೇ ಮಗುವಿನ ಹಾಗೆ ಎತ್ತಿಕೊಂಡು ಬಂದು ಪೆಟ್ಟಿಗೆಯಲ್ಲಿ ಮಲಗಿಸಿದಳು. ಅತ್ತಳು. ಮುಚ್ಚಳಕ್ಕೆ ಮೊಳೆ ಹೊಡೆದರು. ಮನೆಯ ಬಾಗಿಲಿಂದ ಗುಂಡಿಗೆ ಅಂಗಳ ದಾಟುವಷ್ಟೇ ದಾರಿ. ತೆಳು ಹಲಗೆಯ ಪೆಟ್ಟಿಗೆ, ಒಳಗೊಂದು ಕಾಯಿ... ಇಬ್ಬರು ಸಾಕೆಂದು ನನ್ನ ಸೋದರಮಾವನೂ ಇನ್ನೊಬ್ಬನೂ ಬಗ್ಗಿದರು. ಮೇಲೇಳಲಿಲ್ಲ. ನಾಲ್ಕು ಜನ ಸೇರಿದರು. ಅಂಗಳದ ನಡುವೆ ಹಲಗೆ ಕಿರ್ರ್ ಎಂದಿತು. ಭುಜ ಬದಲಿಸಬೇಕೆಂದು ಕೆಳಗಿಟ್ಟರು. ಮತ್ತೆ ಎತ್ತಲು ಆರು ಜನ ಬೇಕಾಯಿತು.

ಮುಚ್ಚಳ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಮಾವನಿಗೆ ಪೆಟ್ಟಿಗೆ ಎತ್ತಿದ ಆ ಬಲಗೈ ಈಗಲೂ ಪೂರ್ತಿ ಮೇಲಕ್ಕೆ ಬರುವುದಿಲ್ಲ. ನಾಳೆ ಬೆಳಿಗ್ಗೆ ಬನ್ನಿ, ಅವನನ್ನೇ ಕೇಳಿ.